ಕ್ರೂಸ್ ಹಡಗು ಪೆನಾಂಗ್, ಫುಕೆಟ್‌ನಲ್ಲಿ ನಿಂತಾಗ ಪಾಸ್‌ಪೋರ್ಟ್, ವೀಸಾ ಕೆಲಸ ಹೇಗೆ ನಡೆಯುತ್ತದೆ?

ಪ್ರಶ್ನೆ: ಸರ್, ನಾವು ದಾವಣಗೆರೆಯವರು. ನಾನು, ಹೆಂಡತಿ, 10 ವರ್ಷದ ಮಗಳು ಮತ್ತು 68 ವರ್ಷದ ಅಮ್ಮ ಸಿಂಗಾಪುರದಿಂದ 4 ರಾತ್ರಿಯ ಕ್ರೂಸ್ ಬುಕ್ ಮಾಡಿದ್ದೇವೆ. ಹಡಗು ಮಲೇಷ್ಯಾದ ಪೆನಾಂಗ್‌ನಲ್ಲಿ ಒಂದು ದಿನ, ಥಾಯ್ಲೆಂಡಿನ ಫುಕೆಟ್‌ನಲ್ಲಿ ಒಂದು ದಿನ ನಿಂತು ಸಿಂಗಾಪುರಕ್ಕೇ ವಾಪಸ್ ಬರುತ್ತದೆ. "ಸಿಂಗಾಪುರ ವೀಸಾ ಸಾಕು, ಉಳಿದದ್ದನ್ನ ಹಡಗಿನವರು ನೋಡಿಕೊಳ್ತಾರೆ" ಅಂತ ಏಜೆಂಟ್ ಹೇಳುತ್ತಾರೆ. ಇದು ಸರಿಯೇ? ಹಡಗಿನವರು ಪಾಸ್‌ಪೋರ್ಟ್ ಇಟ್ಟುಕೊಳ್ಳುತ್ತಾರಂತೆ, ಭಯ ಇಲ್ಲವೇ? ಅಮ್ಮನ ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದೆ, ಸರ್‌ನೇಮ್ ಜಾಗ ಖಾಲಿ. ಅದರಲ್ಲಿ ಇಸಿಆರ್ (ಎಮಿಗ್ರೇಶನ್ ಚೆಕ್ ರಿಕ್ವೈರ್ಡ್) ಅಂತಲೂ ಇದೆ. ಅವರು ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕುತ್ತಾರೆ. ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ನಿಮ್ಮ ಏಜೆಂಟ್ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಉಳಿದ ಅರ್ಧವನ್ನು ನೀವೇ ನೋಡಿಕೊಳ್ಳಬೇಕು. ಪೆನಾಂಗ್, ಫುಕೆಟ್ ಬಗ್ಗೆ ಎಲ್ಲರೂ ಚಿಂತೆ ಮಾಡುತ್ತಾರೆ. ಆದರೆ ನಮ್ಮ ಜನ ನಿಜವಾಗಿ ಸಿಕ್ಕಿಬೀಳುವುದು ಐದನೇ ದಿನ ಬೆಳಿಗ್ಗೆ, ಸಿಂಗಾಪುರಕ್ಕೆ ವಾಪಸ್ ಬಂದಾಗ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನೀವು ಬೆಂಗಳೂರಿನಿಂದ ಹಾರಿ ಚಾಂಗಿ ವಿಮಾನ ನಿಲ್ದಾಣದಲ್ಲಿ ಇಳಿಯುತ್ತೀರಿ. ಅದು ಸಿಂಗಾಪುರಕ್ಕೆ ನಿಮ್ಮ ಮೊದಲ ಪ್ರವೇಶ. ಮರುದಿನವೋ ಅದರ ಮರುದಿನವೋ ಹಡಗು ಹತ್ತುವಾಗ ಇಮಿಗ್ರೇಶನ್ ದಾಟುತ್ತೀರಿ. ಅಲ್ಲಿಗೆ ನೀವು ಸಿಂಗಾಪುರ ಬಿಟ್ಟಂತೆ. ಹಡಗು ಬೇರೆ ಎರಡು ದೇಶ ನೋಡಿ ವಾಪಸ್ ಬಂದಾಗ ಅದು ಹೊಸ ಪ್ರವೇಶ. "ನಮ್ಮ ಪ್ಯಾಕೇಜ್ ಒಂದೇ, ಹಡಗು ಒಂದೇ, ರೂಮೂ ಅದೇ" ಅಂತ ನಾವು ಅಂದುಕೊಳ್ಳಬಹುದು. ಸಿಂಗಾಪುರದ ಇಮಿಗ್ರೇಶನ್ ಇಲಾಖೆಗೆ ಮಾತ್ರ ನೀವು ಎರಡನೇ ಸಲ ಬಂದವರು. ಆದ್ದರಿಂದ ವೀಸಾ ಒಂದಕ್ಕಿಂತ ಹೆಚ್ಚು ಸಲ ಒಳಗೆ ಬರಲು ಬಿಡುವಂಥದ್ದಾಗಿರಬೇಕು. ಇವತ್ತೇ ನಾಲ್ಕೂ ಜನರ ವೀಸಾ ಪ್ರಿಂಟ್ ತೆಗೆದು ನೋಡಿ. ಅದರಲ್ಲಿ 'ಮಲ್ಟಿಪಲ್ ಜರ್ನಿ' ಅಂತಿದೆಯೋ, 'ಸಿಂಗಲ್ ಜರ್ನಿ' ಅಂತಿದೆಯೋ? ಭಾರತೀಯರಿಗೆ ಹೆಚ್ಚಾಗಿ ಮಲ್ಟಿಪಲ್ ಕೊಡುತ್ತಾರೆ. ಆದರೆ ಅದು ಅವರ ಇಷ್ಟ. ಒಂದೇ ಮನೆಯವರಲ್ಲೇ ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಇನ್ನೊಂದು ಬಂದಿರಬಹುದು. ಒಬ್ಬರದು ಸಿಂಗಲ್ ಇದ್ದರೂ ಈಗಲೇ ಏಜೆಂಟ್‌ಗೆ ಹೇಳಿ ಎರಡನೇ ವೀಸಾದ ದಾರಿ ಮಾಡಿಸಿ. ಹಡಗು ಕಟ್ಟೆಗೆ ಬಂದ ಮೇಲೆ ಮಾಡುವ ಕೆಲಸ ಅದಲ್ಲ. ಹಾಗೆ ನೋಡಿದರೆ ವಿಷಯ ಅಲ್ಲಿಯವರೆಗೆ ಹೋಗುವುದೂ ಇಲ್ಲ. ಮೊದಲ ದಿನ ಚೆಕ್-ಇನ್ ಕೌಂಟರ್‌ನಲ್ಲೇ ವಾಪಸ್ ಬರುವ ವೀಸಾ ಕೇಳುತ್ತಾರೆ. ಇಲ್ಲದಿದ್ದರೆ ಹಡಗು ಹತ್ತಿಸುವುದಿಲ್ಲ, ಕಟ್ಟಿದ ದುಡ್ಡೂ ಹೋಗುತ್ತದೆ.

ಯುರೋಪಿನ ಕ್ರೂಸ್‌ನಲ್ಲೂ ಇದೇ ತೊಂದರೆ. ಗ್ರೀಸ್‌ನಿಂದ ಹೊರಟ ಹಡಗು ಟರ್ಕಿಯ ಕುಶಾದಸಿಯಲ್ಲಿ ನಿಂತು ಮತ್ತೆ ಗ್ರೀಸ್‌ಗೆ ಬರುತ್ತದೆ ಅಂದರೆ, ಒಂದೇ ಪ್ರವೇಶದ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಿಗುವ ವೀಸಾ) ಸಾಲದು. ಮುಂದೆ ಆ ಕಡೆ ಹೋದರೆ ನೆನಪಿಡಿ.

ಸಿಂಗಾಪುರದ ಇನ್ನೊಂದು ಕಾಗದ ಎಸ್‌ಜಿ ಅರೈವಲ್ ಕಾರ್ಡ್. ಇದು ವೀಸಾ ಅಲ್ಲ. ಆನ್‌ಲೈನ್‌ನಲ್ಲಿ ತುಂಬುವ ಫಾರ್ಮ್, ಪುಕ್ಕಟೆ. ಬರುವ ದಿನವೂ ಸೇರಿ 3 ದಿನದ ಒಳಗೆ ಮಾತ್ರ ತುಂಬಲು ಬಿಡುತ್ತದೆ. ಅಂದರೆ 10ನೇ ತಾರೀಕು ಬರುವವರು 8, 9 ಅಥವಾ 10ರಂದು ತುಂಬಬೇಕು. ಚಾಂಗಿಗೆ ಇಳಿಯಲು ಬೇಕಾದ ಕಾರ್ಡನ್ನು ದಾವಣಗೆರೆಯಲ್ಲಿ ಕೂತೇ ತುಂಬಬಹುದು. ಹಡಗಿನಿಂದ ವಾಪಸ್ ಬರುವಾಗಿನ ಕಾರ್ಡ್ ಹಾಗಲ್ಲ. ಅದರ ಬಾಗಿಲು ತೆರೆಯುವಷ್ಟರಲ್ಲಿ ನೀವು ಸಮುದ್ರದಲ್ಲಿರುತ್ತೀರಿ. ನಿಮ್ಮ ಲೆಕ್ಕದಲ್ಲಿ ಮೂರನೇ ದಿನ, ಅಂದರೆ ಫುಕೆಟ್‌ನಲ್ಲಿ ನಿಂತ ದಿನ, ಅದು ತೆರೆಯುತ್ತದೆ. ನಾಲ್ಕನೇ ದಿನ ಪೂರ್ತಿ ಕಡಲು, ಫೋನ್ ಸಿಗ್ನಲ್ ಇರುವುದಿಲ್ಲ. ಹಡಗಿನ ವೈಫೈಗೆ ಬೇರೆ ದುಡ್ಡು ಕಟ್ಟಬೇಕು. ಆದ್ದರಿಂದ ಫುಕೆಟ್‌ನಲ್ಲಿ ಇಳಿದಾಗ, ರೋಮಿಂಗ್ ಇರುವ ಫೋನ್‌ನಿಂದ ನಾಲ್ಕೂ ಜನರದ್ದು ಒಟ್ಟಿಗೆ ತುಂಬಿಬಿಡಿ. ಊಟಕ್ಕೆ ಕೂತಾಗ ಮುಗಿಯುವ ಕೆಲಸ. ಬರುವ ವಿಧಾನ ಕೇಳಿದ ಕಡೆ ಸಮುದ್ರ, ಕ್ರೂಸ್ ಅಂತ ಆರಿಸಿ ಹಡಗಿನ ಹೆಸರು ಕೊಡಿ. ಪಾಸ್‌ಪೋರ್ಟ್ ಕೈಯಲ್ಲಿಲ್ಲದೆ ಇರಬಹುದು, ಅದಕ್ಕೇ ನಾಲ್ಕರ ಫೋಟೊ ಪುಟವೂ ಫೋನ್‌ನಲ್ಲಿರಲಿ.

ಈಗ ಮಲೇಷ್ಯಾ, ಥಾಯ್ಲೆಂಡ್ ವಿಷಯ. ಏಜೆಂಟ್ ಮಾತಿನ ಅರ್ಧ ನಿಜ ಇರುವುದು ಇಲ್ಲಿ. ಮಲೇಷ್ಯಾ 2023ರ ಡಿಸೆಂಬರ್ 1ರಿಂದ ಭಾರತೀಯ ಪ್ರವಾಸಿಗಳಿಗೆ 30 ದಿನದವರೆಗೆ ವೀಸಾ ಬೇಡ ಎಂದಿತು. ಅದನ್ನು 2026ರ ಡಿಸೆಂಬರ್ 31ರವರೆಗೆ ಮುಂದುವರಿಸಿದೆ. ಥಾಯ್ಲೆಂಡ್ 2023ರ ನವೆಂಬರ್‌ನಲ್ಲಿ 30 ದಿನ ಕೊಟ್ಟಿತು, 2024ರ ಜುಲೈ 15ರಿಂದ ಅದನ್ನು 60 ದಿನ ಮಾಡಿತು. ಇಂಥ ರಿಯಾಯಿತಿಗಳು ಸರ್ಕಾರದ ಒಂದು ಆದೇಶದಿಂದ ಬರುತ್ತವೆ, ಇನ್ನೊಂದು ಆದೇಶದಿಂದ ಬದಲಾಗುತ್ತವೆ. ಟಿಕೆಟ್ ಮಾಡಿಸಿದ ದಿನದ ನಿಯಮ ಲೆಕ್ಕಕ್ಕಿಲ್ಲ, ಇಳಿಯುವ ದಿನದ್ದೇ ಲೆಕ್ಕ. ಹೊರಡುವ ತಿಂಗಳು ಆ ಎರಡೂ ದೇಶಗಳ ರಾಯಭಾರ ಕಚೇರಿಯ ಪುಟ ತೆರೆದು ಇನ್ನೊಮ್ಮೆ ನೋಡಿ. ಯೂಟ್ಯೂಬ್ ವಿಡಿಯೊ ನಂಬಿ ಹೊರಡಬೇಡಿ.

ವೀಸಾ ಬೇಡ ಅಂದ ಮಾತ್ರಕ್ಕೆ ಏನೂ ಬೇಡ ಅಂತ ಅಲ್ಲ. ಮಲೇಷ್ಯಾಗೆ 2024ರ ಜನವರಿ 1ರಿಂದ ಡಿಜಿಟಲ್ ಅರೈವಲ್ ಕಾರ್ಡ್ ಕಡ್ಡಾಯ. ಚುಟುಕಾಗಿ ಎಂಡಿಎಸಿ ಅಂತಾರೆ. ಥಾಯ್ಲೆಂಡಿನದು ಟಿಡಿಎಸಿ. ಹಿಂದೆ ವಿಮಾನದಲ್ಲಿ ಪೆನ್ನು ಹುಡುಕಿ ತುಂಬುತ್ತಿದ್ದ ಟಿಎಂ6 ಚೀಟಿಯ ಬದಲಿಗೆ 2025ರ ಮೇ 1ರಿಂದ ಬಂದದ್ದು. ಎರಡೂ ಪುಕ್ಕಟೆ, ಎರಡನ್ನೂ ಬರುವ ಮುಂಚಿನ 3 ದಿನದ ಒಳಗೆ ತುಂಬಬೇಕು. ಕ್ರೂಸ್‌ನವರಿಗೂ ಬೇಕಾ ಅಂತ ಬಹಳ ಜನ ಕೇಳುತ್ತಾರೆ. ತುಂಬಿಬಿಡಿ, ಅದೇ ನನ್ನ ಸಲಹೆ. ಬೇಡದಿದ್ದರೆ ನಷ್ಟವಾಗುವುದು ಹತ್ತು ನಿಮಿಷ. ಬೇಕಾಗಿದ್ದು ಇಲ್ಲದೆ ಹೋದರೆ, ಅಮ್ಮನನ್ನು ಸಾಲಿನಲ್ಲಿ ನಿಲ್ಲಿಸಿ ನೀವು ಫೋನ್‌ನಲ್ಲಿ ಒದ್ದಾಡಬೇಕಾಗುತ್ತದೆ. ಹಡಗು ಕಂಪನಿ ಪ್ರಯಾಣಕ್ಕೆ ಮುಂಚೆ ಕಳಿಸುವ ಇಮೇಲ್‌ನಲ್ಲಿ ಇದನ್ನು ಬರೆದಿರುತ್ತದೆ. ಆ ಇಮೇಲ್ ಏಜೆಂಟ್ ಹತ್ತಿರ ನಿಂತುಹೋಗುತ್ತದೆ. ಕೇಳಿ ತರಿಸಿಕೊಳ್ಳಿ. ಎರಡನೇ ದಿನದ ಪೆನಾಂಗ್ ಕಾರ್ಡನ್ನೂ ಮೂರನೇ ದಿನದ ಫುಕೆಟ್ ಕಾರ್ಡನ್ನೂ ಹಡಗು ಹತ್ತುವ ದಿನ ಬೆಳಿಗ್ಗೆ ಸಿಂಗಾಪುರದ ಹೋಟೆಲ್‌ನಲ್ಲಿ ಒಟ್ಟಿಗೇ ಮುಗಿಸಬಹುದು.

ಇಲ್ಲೊಂದು ಎಚ್ಚರಿಕೆ. ಈ ಮೂರು ಕಾರ್ಡ್‌ಗಳ ಹೆಸರು ಹಾಕಿ ಹುಡುಕಿದರೆ ಸರ್ಕಾರಿ ಪುಟದಂತೆಯೇ ಕಾಣುವ ಖಾಸಗಿ ಪುಟಗಳು ಮೇಲೆ ಬರುತ್ತವೆ. ತಲೆಗೆ ಇಷ್ಟು ಡಾಲರ್ ಅಂತ ಕೇಳುತ್ತವೆ. ದುಡ್ಡು ಕೇಳಿದರೆ ಅದು ಸರ್ಕಾರಿ ಪುಟವಲ್ಲ, ಅಷ್ಟು ಸಾಕು. ವಿಳಾಸದ ಬಾಲ ನೋಡಿ. ಸಿಂಗಾಪುರದ್ದು 'ಜಿಒವಿ ಡಾಟ್ ಎಸ್‌ಜಿ' ಅಂತ ಮುಗಿಯಬೇಕು, ಮಲೇಷ್ಯಾದ್ದು 'ಜಿಒವಿ ಡಾಟ್ ಎಂವೈ', ಥಾಯ್ಲೆಂಡಿನದು 'ಜಿಒ ಡಾಟ್ ಟಿಎಚ್'. ದುಡ್ಡಿಗಿಂತ ದೊಡ್ಡ ಚಿಂತೆ ಎಂದರೆ ನಿಮ್ಮ ಮನೆಯವರೆಲ್ಲರ ಪಾಸ್‌ಪೋರ್ಟ್ ವಿವರ ಯಾರದೋ ಕೈಗೆ ಹೋಗುತ್ತದೆ.

"ಕ್ರೂಸ್‌ನಲ್ಲಿ ಹೋದರೆ ವೀಸಾನೇ ಬೇಡ" ಎಂಬ ಮಾತು ಎಲ್ಲಿಂದ ಬಂತು ಅಂತಲೂ ಹೇಳಿಬಿಡುತ್ತೇನೆ, ಯಾಕೆಂದರೆ ಅದು ಪೂರಾ ಕಟ್ಟುಕತೆಯಲ್ಲ. ಹಡಗು ಸಂಚಾರದ ಕಾಗದಪತ್ರ ಹಗುರ ಮಾಡಲು 1965ರಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದ ಆಯಿತು. ಫಾಲ್ ಒಪ್ಪಂದ ಅಂತ ಕರೆಯುತ್ತಾರೆ. ಕ್ರೂಸ್ ಹಡಗು ಒಂದು ಬಂದರಿನಲ್ಲಿ 72 ಗಂಟೆಗಿಂತ ಕಮ್ಮಿ ನಿಂತರೆ ಅದರ ಪ್ರಯಾಣಿಕರಿಗೆ ವೀಸಾ ಬೇಕಾಗಬಾರದು ಅಂತ ಅದರಲ್ಲಿ ಇದೆ. ಜೊತೆಗೇ ಒಂದು ಬಾಲವೂ ಇದೆ. ಆಯಾ ದೇಶ ವಿಶೇಷ ಸಂದರ್ಭ ಅಂತ ತೀರ್ಮಾನಿಸಿದರೆ ಕೇಳಬಹುದು. ಆ ಬಾಲ ಹಿಡಿದು ಎಷ್ಟೋ ದೇಶಗಳು ಕೆಲವು ಪಾಸ್‌ಪೋರ್ಟ್‌ನವರಿಗೆ ವೀಸಾ ಬೇಕೇ ಬೇಕು ಅನ್ನುತ್ತವೆ. ಜರ್ಮನಿಯವರಿಗೋ ಜಪಾನಿನವರಿಗೋ ಸಲೀಸಾದದ್ದು ನಮಗೂ ಸಲೀಸು ಅಂದುಕೊಳ್ಳಬಾರದು. "ನಾವು ಆ ಊರಲ್ಲಿ ಇಳಿಯೋದೇ ಇಲ್ಲ, ಹಡಗಲ್ಲೇ ಇರ್ತೀವಿ" ಅಂದರೂ ನಡೆಯದು. ಯಾರಿಗಾದರೂ ಎದೆನೋವು ಬಂದರೆ ಹತ್ತಿರದ ಬಂದರಿನಲ್ಲಿ ಇಳಿಸಲೇಬೇಕಲ್ವಾ? ಅದಕ್ಕೇ ದಾರಿಯಲ್ಲಿ ಸಿಗುವ ಪ್ರತಿ ದೇಶಕ್ಕೂ ನಿಮ್ಮ ಕಾಗದ ಸರಿಯಿರಬೇಕು ಅಂತ ಹಡಗು ಕಂಪನಿ ಪಟ್ಟು ಹಿಡಿಯುತ್ತದೆ.

ಇನ್ನು ಬಂದರಿನಲ್ಲಿ ನಿಜಕ್ಕೂ ಏನು ನಡೆಯುತ್ತದೆ ಅಂತ ನೋಡೋಣ. ವಿಮಾನದಲ್ಲಾದರೆ ನೀವು ಇಳಿದು ಅಧಿಕಾರಿಯ ಹತ್ತಿರ ಹೋಗುತ್ತೀರಿ. ಹಡಗಿನಲ್ಲಿ ನೀವು ಇಳಿಯುವ ಮೊದಲೇ ಮುಕ್ಕಾಲು ಕೆಲಸ ಆಗಿರುತ್ತದೆ. ಹಡಗಿನಲ್ಲಿರುವ ಪ್ರತಿಯೊಬ್ಬರ ಹೆಸರು, ಹುಟ್ಟಿದ ದಿನ, ದೇಶ, ಪಾಸ್‌ಪೋರ್ಟ್ ನಂಬರ್ ಇರುವ ಪಟ್ಟಿ ಮುಂದಿನ ಬಂದರಿಗೆ ಮೊದಲೇ ಹೋಗುತ್ತದೆ. ಹಡಗಿನವರ ಬಾಯಲ್ಲಿ ಇದು ಮ್ಯಾನಿಫೆಸ್ಟ್. ಚೆಕ್-ಇನ್ ಹಡಗು ಹೊರಡುವ ಎಷ್ಟೋ ಮೊದಲೇ ಮುಚ್ಚುವುದಕ್ಕೆ ಇದೂ ಒಂದು ಕಾರಣ. ಪಟ್ಟಿ ಕೊನೆಯಾಗದೆ ಹಡಗು ಕದಲುವಂತಿಲ್ಲ. ಅಂದ ಹಾಗೆ, ಸಿಂಗಾಪುರದಲ್ಲಿ ಕ್ರೂಸ್ ಕಟ್ಟೆಗಳು ಎರಡಿವೆ. ಒಂದು ಮರೀನಾ ಬೇ ಕ್ರೂಸ್ ಸೆಂಟರ್, ಇನ್ನೊಂದು ಹಾರ್ಬರ್‌ಫ್ರಂಟ್ ಹತ್ತಿರದ ಸಿಂಗಾಪುರ ಕ್ರೂಸ್ ಸೆಂಟರ್. ಟ್ಯಾಕ್ಸಿಯವರಿಗೆ ಸುಮ್ನೆ "ಕ್ರೂಸ್ ಸೆಂಟರ್" ಅಂದರೆ ತಪ್ಪು ಕಟ್ಟೆಗೆ ಹೋಗಿಬಿಡಬಹುದು. ಟಿಕೆಟ್‌ನಲ್ಲಿರುವ ಹೆಸರನ್ನೇ ತೋರಿಸಿ.

ಹಡಗು ಕಟ್ಟೆಗೆ ಬಂದ ಕೂಡಲೇ ಇಳಿಯಲು ಬಿಡುವುದಿಲ್ಲ. ಮೊದಲು ಬಂದರಿನ ಆರೋಗ್ಯ ಇಲಾಖೆ ಒಪ್ಪಬೇಕು, ಆಮೇಲೆ ಇಮಿಗ್ರೇಶನ್, ಕಸ್ಟಮ್ಸ್. ಆರೋಗ್ಯದ ಒಪ್ಪಿಗೆ ಕೇಳುವ ಹಡಗು ಹಳದಿ ಬಾವುಟ ಏರಿಸುವುದು ಹಳೆಯ ಕಾಲದಿಂದ ಬಂದ ಪದ್ಧತಿ. ಇದೆಲ್ಲ ಮುಗಿದ ಮೇಲೆ "ಹಡಗಿಗೆ ಕ್ಲಿಯರೆನ್ಸ್ ಸಿಕ್ಕಿದೆ" ಅಂತ ಮೈಕಿನಲ್ಲಿ ಹೇಳುತ್ತಾರೆ. ಅಲ್ಲಿಯವರೆಗೆ ಮೆಟ್ಟಿಲ ಹತ್ತಿರ ಗುಂಪುಗೂಡಿ ನಿಂತು ಪ್ರಯೋಜನವಿಲ್ಲ. ಅಮ್ಮನನ್ನು ತಿಂಡಿಗೆ ಕೂರಿಸಿ, ನಿಧಾನವಾಗಿ ಹೊರಡಿ.

ಆಮೇಲಿನ ಪದ್ಧತಿ ಒಂದೊಂದು ಸಲ ಒಂದೊಂದು ಥರ. ಕೆಲವೊಮ್ಮೆ ಅಧಿಕಾರಿಗಳು ಹಡಗೊಳಗೇ ಬಂದು ಯಾವುದೋ ಹಾಲ್‌ನಲ್ಲಿ ಮೇಜು ಹಾಕಿ ಕೂರುತ್ತಾರೆ. ನಿಮ್ಮ ಸರದಿ ಬಂದಾಗ ಪಾಸ್‌ಪೋರ್ಟ್ ಹಿಡಿದು ಮುಖ ತೋರಿಸಿ ಬರಬೇಕು. ಕೆಲವೊಮ್ಮೆ ಕಟ್ಟೆಯ ಕಟ್ಟಡದಲ್ಲಿ ಸಾಲು. ಇನ್ನು ಕೆಲವೊಮ್ಮೆ ಹಡಗಿನವರೇ ಪಾಸ್‌ಪೋರ್ಟ್‌ಗಳನ್ನು ಒಟ್ಟಿಗೆ ತೋರಿಸಿ ಮುಗಿಸಿರುತ್ತಾರೆ, ನೀವು ಹಡಗಿನ ಕಾರ್ಡ್ (ಹತ್ತುವಾಗ ಹಡಗಿನವರು ಕೊಡುವ ಗುರುತಿನ ಕಾರ್ಡ್) ತೋರಿಸಿ ಇಳಿದರಾಯಿತು. ಯಾವುದು ಅನ್ನುವುದು ಹಿಂದಿನ ರಾತ್ರಿ ರೂಮಿಗೆ ಬರುವ ಹಾಳೆಯಲ್ಲಿ ಅಥವಾ ಹಡಗಿನ ಆ್ಯಪ್‌ನಲ್ಲಿ ಇರುತ್ತದೆ. ಎಲ್ಲರೂ ಅದರಲ್ಲಿ ಊಟದ ಸಮಯ, ಷೋ ಸಮಯ ನೋಡಿ ಮಡಚಿಡುತ್ತಾರೆ. ನೀವು ಮೊದಲು ಇಮಿಗ್ರೇಶನ್ ಸಾಲು ಓದಿ. ಮುಖ ತೋರಿಸಲು ಕರೆದರೆ ಎಲ್ಲರೂ ಹೋಗಲೇಬೇಕು, ಇಳಿಯದವರೂ. ಕರೆದವರಲ್ಲಿ ಕೆಲವರು ಬಾರದಿದ್ದರೆ ಇಡೀ ಹಡಗಿನವರು ಕಾಯಬೇಕಾಗಿ ಬರಬಹುದು.

ಇದೇ ಕೆಲಸವನ್ನು ನಮ್ಮ ಕಡೆಯಿಂದ ನೋಡಬೇಕಾದರೆ ಪಣಂಬೂರಿನ ನವ ಮಂಗಳೂರು ಬಂದರನ್ನು ನೋಡಬೇಕು. ವಿದೇಶಿ ಕ್ರೂಸ್ ಹಡಗುಗಳು ಅಲ್ಲಿ ನಿಲ್ಲುತ್ತವೆ. ಭಾರತದ ಇ-ವೀಸಾ ಹಿಡಿದು ಒಳಬರಲು ಮೊದಲು ಗುರುತಿಸಿದ ಐದು ಬಂದರುಗಳಲ್ಲಿ ಮುಂಬೈ, ಗೋವಾ, ಕೊಚ್ಚಿ, ಚೆನ್ನೈ ಜೊತೆ ಮಂಗಳೂರೂ ಒಂದು. ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿ ದೇವಸ್ಥಾನ ನೋಡಿ ಸಂಜೆ ಹಡಗಿಗೆ ವಾಪಸ್ ಹೋಗುವ ಆ ವಿದೇಶಿಯರು ಕೂಡ ಬೆಳಿಗ್ಗೆ ಇಮಿಗ್ರೇಶನ್ ತಪಾಸಣೆ ಮುಗಿಸಿಯೇ ಬಂದಿರುತ್ತಾರೆ. ಒಂದೇ ದಿನದ ಊರು ಸುತ್ತಾಟ ಅಂತ ನಮ್ಮ ಅಧಿಕಾರಿಗಳು ಸುಮ್ಮನೆ ಬಿಡುವುದಿಲ್ಲ. ಬೇರೆ ದೇಶದವರೂ ಬಿಡುವುದಿಲ್ಲ. ಇದು ಅವಮಾನ ಅಲ್ಲ, ಅನುಮಾನವೂ ಅಲ್ಲ. ಅಧಿಕಾರಿ ಕೇಳಿದ್ದಕ್ಕೆ ಚಿಕ್ಕದಾಗಿ, ನೇರವಾಗಿ ಉತ್ತರ ಕೊಡಿ. "ಕ್ರೂಸ್‌ನಲ್ಲಿ ಬಂದಿದ್ದೇವೆ, ಸಂಜೆ ವಾಪಸ್ ಹೋಗುತ್ತೇವೆ" ಅಷ್ಟು ಸಾಕು. ಅಮ್ಮನಿಗೆ ಇಂಗ್ಲಿಷ್ ಬಾರದಿದ್ದರೆ ನೀವು ಜೊತೆಗೇ ಹೋಗಿ ನಿಲ್ಲಿ. ಒಂದೇ ಕುಟುಂಬ ಅಂದರೆ ಸಾಮಾನ್ಯವಾಗಿ ಒಟ್ಟಿಗೆ ಬಿಡುತ್ತಾರೆ.

ಪಾಸ್‌ಪೋರ್ಟ್ ಹಡಗಿನವರು ಇಟ್ಟುಕೊಳ್ಳುವ ವಿಷಯ. ಹೌದು, ಏಷ್ಯಾದ ಕ್ರೂಸ್‌ಗಳಲ್ಲಿ ಇದು ಮಾಮೂಲು. ಹತ್ತುವಾಗಲೇ ತೆಗೆದುಕೊಂಡು ಭದ್ರವಾಗಿ ಇಡುತ್ತಾರೆ, ಅಧಿಕಾರಿಗಳಿಗೆ ಬೇಕಾದಾಗ ಒಟ್ಟಿಗೆ ತೋರಿಸುತ್ತಾರೆ, ಕೊನೆಗೆ ವಾಪಸ್ ಕೊಡುತ್ತಾರೆ. ಇದರಲ್ಲಿ ಭಯಪಡುವಂಥದ್ದಿಲ್ಲ. ಆದರೆ ಮೂರು ಕೆಲಸ ಮಾಡಿ. ಕೊಡುವಾಗ ರಸೀದಿ ತೆಗೆದುಕೊಳ್ಳಿ. ಕೊಡುವ ಮೊದಲೇ ಫೋಟೊ ಪುಟ, ಸಿಂಗಾಪುರ ವೀಸಾ ಎರಡನ್ನೂ ಜೆರಾಕ್ಸ್ ಮಾಡಿಸಿ ಬೇರೆ ಬೇರೆ ಬ್ಯಾಗ್‌ನಲ್ಲಿಡಿ. ವಾಪಸ್ ಪಡೆದಾಗ ಅಲ್ಲೇ ನಿಂತು ತೆರೆದು ನೋಡಿ. ನೀಲಿ ರಟ್ಟಿನ ಭಾರತೀಯ ಪಾಸ್‌ಪೋರ್ಟ್‌ಗಳು ಒಂದೇ ಥರ ಕಾಣುತ್ತವೆ, ಬೇರೆಯವರದ್ದು ಕೈಗೆ ಬಂದಿದ್ದು ವಿಮಾನ ನಿಲ್ದಾಣದಲ್ಲಿ ಗೊತ್ತಾದರೆ ಕಷ್ಟ. ಹಾಗೇ, ಊರಲ್ಲಿ ಇಳಿದಾಗ ಹಣ ಬದಲಿಸುವ ಅಂಗಡಿಯವರು ಅಸಲಿ ಪಾಸ್‌ಪೋರ್ಟ್ ಕೇಳಬಹುದು. ಸ್ವಲ್ಪ ಮಲೇಷ್ಯಾದ ರಿಂಗಿಟ್, ಸ್ವಲ್ಪ ಥಾಯ್ಲೆಂಡಿನ ಬಾತ್ ಸಿಂಗಾಪುರದಲ್ಲೇ ಮಾಡಿಸಿಟ್ಟುಕೊಳ್ಳಿ.

ಇಳಿಯುವಾಗ, ಹತ್ತುವಾಗ ಹಡಗಿನ ಕಾರ್ಡ್ ಯಂತ್ರಕ್ಕೆ ತೋರಿಸಿದರೆ ಪರದೆ ಮೇಲೆ ನಿಮ್ಮ ಫೋಟೊ ಬರುತ್ತದೆ. ಯಾರು ಹೊರಗಿದ್ದಾರೆ, ಯಾರು ಒಳಗಿದ್ದಾರೆ ಅನ್ನುವುದು ಅವರಿಗೆ ಗೊತ್ತಾಗುವುದು ಹೀಗೆ. ಮಗಳ ಕಾರ್ಡನ್ನು ಅವಳ ಕೈಗೇ ಕೊಡಬೇಡಿ, ನಿಮ್ಮ ಹತ್ತಿರ ಇರಲಿ.

ಪೆನಾಂಗ್‌ನಲ್ಲಿ ಹಡಗು ನಿಲ್ಲುವ ಸ್ವೆಟನ್‌ಹ್ಯಾಮ್ ಕಟ್ಟೆ ಜಾರ್ಜ್ ಟೌನ್ ಊರಿಗೆ ಅಂಟಿಕೊಂಡೇ ಇದೆ. ಕಟ್ಟಡದಿಂದ ಹೊರಬಂದರೆ ನಡೆದೇ ಕಾರ್ನ್‌ವಾಲಿಸ್ ಕೋಟೆ, ಲಿಟಲ್ ಇಂಡಿಯಾ ಮುಟ್ಟಬಹುದು. ತಮಿಳರ ಊಟದ ಅಂಗಡಿಗಳು ಅಲ್ಲೇ ಇವೆ, ಅಮ್ಮನಿಗೆ ಇಡ್ಲಿ, ಅನ್ನ-ಸಾಂಬಾರ್ ಸಿಗುತ್ತದೆ. ಫುಕೆಟ್ ಹಾಗಲ್ಲ. ಎಷ್ಟೋ ಹಡಗುಗಳು ಪಟಾಂಗ್ ಕಡಲತೀರದ ಎದುರು ಲಂಗರು ಹಾಕುತ್ತವೆ, ಚಿಕ್ಕ ದೋಣಿಯಲ್ಲಿ ದಡಕ್ಕೆ ಕರೆದೊಯ್ಯುತ್ತಾರೆ. ಇದಕ್ಕೆ ಟೆಂಡರ್ ಅಂತಾರೆ. ಸರದಿಯ ಚೀಟಿ ತೆಗೆದುಕೊಳ್ಳಬೇಕು. ಅಲೆ ಇದ್ದ ದಿನ ಹಡಗಿನ ಬಾಗಿಲಿಗೂ ದೋಣಿಗೂ ನಡುವೆ ಕಾಲಿಡುವುದು ನಿಧಾನವಾಗಿ ಓಡುತ್ತಿರುವ ಬಸ್ಸು ಹತ್ತಿದ ಹಾಗೆ. ಸಿಬ್ಬಂದಿ ಕೈ ಹಿಡಿಯುತ್ತಾರೆ ನಿಜ, ಆದರೂ ಮಂಡಿ ನೋವಿದ್ದವರಿಗೆ ಕಷ್ಟ. ಅಮ್ಮನಿಗೆ ಅಷ್ಟು ಧೈರ್ಯವಿಲ್ಲದಿದ್ದರೆ ಆ ದಿನ ಅವರು ಹಡಗಿನಲ್ಲೇ ಇರಲಿ, ಜೊತೆಗೆ ಒಬ್ಬರು ಇರಲಿ. ದ್ವೀಪದ ಆ ಕಡೆ ಆವ್ ಮಖಾಮ್‌ನಲ್ಲಿ ಆಳದ ಬಂದರೂ ಇದೆ. ನಿಮ್ಮ ಹಡಗು ಎಲ್ಲಿ ನಿಲ್ಲುತ್ತದೆ ಅಂತ ಈಗಲೇ ಕೇಳಿಡಿ.

ಫುಕೆಟ್‌ನಲ್ಲಿ ಇನ್ನೊಂದು ತೊಡಕು ಇದೆ, ಗಡಿಯಾರದ್ದು. ಸಿಂಗಾಪುರ, ಮಲೇಷ್ಯಾ ಎರಡರದ್ದೂ ಒಂದೇ ಸಮಯ. ಥಾಯ್ಲೆಂಡ್ ಒಂದು ಗಂಟೆ ಹಿಂದೆ. ನಿಮ್ಮ ಫೋನ್ ಥಾಯ್ ಸಿಗ್ನಲ್ ಹಿಡಿದ ಕೂಡಲೇ ತಾನಾಗಿ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಹಡಗು ಸಿಂಗಾಪುರದ ಸಮಯದಲ್ಲೇ ಇದ್ದರೆ? "ಸಂಜೆ 5ಕ್ಕೆ ಎಲ್ಲರೂ ಹಡಗಿನಲ್ಲಿರಬೇಕು" ಅಂತ ಅವರು ಹೇಳಿದ್ದು ನಿಮ್ಮ ಫೋನ್‌ನಲ್ಲಿ 4 ಗಂಟೆ. ಫೋನ್ ನಂಬಿ 5ಕ್ಕೆ ಬಂದವರಿಗೆ ಹಡಗಿನ ಹಿಂಭಾಗ ಕಾಣುತ್ತದೆ. ಇಳಿಯುವಾಗ ಮೆಟ್ಟಿಲ ಬಳಿ ಬರೆದ ಸಮಯದ ಫೋಟೊ ತೆಗೆಯಿರಿ, ಹಡಗಿನ ಸಮಯವೇ ಇಟ್ಟ ಕೈಗಡಿಯಾರ ಒಬ್ಬರ ಕೈಯಲ್ಲಿರಲಿ. ಹಡಗಿನವರೇ ಏರ್ಪಡಿಸಿದ ಪ್ರವಾಸ ತಡವಾದರೆ ಹಡಗು ಅವರ ದಾರಿ ನೋಡುತ್ತದೆ. ನೀವೇ ಟ್ಯಾಕ್ಸಿ ಹಿಡಿದು ಹೋಗಿದ್ದರೆ ಕಾಯುವುದಿಲ್ಲ.

ಅಕಸ್ಮಾತ್ ಹಡಗು ತಪ್ಪಿದರೆ ಮೊದಲು ಬಂದರಿನ ಏಜೆಂಟರನ್ನು ಹುಡುಕಿ. ಪ್ರತಿ ಬಂದರಿನಲ್ಲೂ ಹಡಗು ಕಂಪನಿಯ ಪರವಾಗಿ ಒಬ್ಬರು ಇರುತ್ತಾರೆ, ಅವರ ನಂಬರ್ ಆ ದಿನದ ಹಾಳೆಯಲ್ಲಿ ಇರುತ್ತದೆ. ಹೊರಡುವ ಹೊತ್ತಿಗೆ ಯಾರಾದರೂ ಬಂದಿಲ್ಲ ಅಂತಾದರೆ ಅವರ ಪಾಸ್‌ಪೋರ್ಟ್ ಹುಡುಕಿ ಏಜೆಂಟರ ಕೈಗೆ ಕೊಟ್ಟು ಹೋಗುವುದು ಹಡಗುಗಳ ರೂಢಿ. ಅಲ್ಲಿಂದ ವಿಮಾನದಲ್ಲಿ ಸಿಂಗಾಪುರಕ್ಕೆ ಹೋಗಬೇಕು, ಖರ್ಚು ನಿಮ್ಮದೇ. ಆಗಲೂ ಆ ಮಲ್ಟಿಪಲ್ ವೀಸಾ ಮತ್ತು ಅರೈವಲ್ ಕಾರ್ಡ್ ಎರಡೂ ಬೇಕು. ಏಜೆಂಟರ ನಂಬರ್ ಇರುವ ಆ ದಿನದ ಹಾಳೆಯ ಫೋಟೊ ಕೂಡ ಫೋನ್‌ನಲ್ಲಿರಲಿ.

ಈಗ ಅಮ್ಮನ ಪಾಸ್‌ಪೋರ್ಟ್. ಇಸಿಆರ್ ಬಗ್ಗೆ ಹೆದರಬೇಡಿ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್‌ನಲ್ಲಿ ಅದು ಸಾಮಾನ್ಯವಾಗಿ ಬರುತ್ತದೆ. ಹೊರದೇಶಕ್ಕೆ ಕೆಲಸಕ್ಕೆ ಹೋಗುವ ಬಡವರಿಗೆ ಅಲ್ಲಿ ಮೋಸ ಆಗದಿರಲಿ ಅಂತ ಸರ್ಕಾರ 18 ದೇಶಗಳ ಪಟ್ಟಿ ಮಾಡಿದೆ, ಅಲ್ಲಿಗೆ ದುಡಿಯಲು ಹೋಗುವವರು ಮೊದಲು ಒಪ್ಪಿಗೆ ಪಡೆಯಬೇಕು. ಆ ಪಟ್ಟಿಯಲ್ಲಿ ಮಲೇಷ್ಯಾ, ಥಾಯ್ಲೆಂಡ್ ಎರಡೂ ಇವೆ, ಅದಕ್ಕೇ ಜನ ಗಾಬರಿಯಾಗುತ್ತಾರೆ. ಆದರೆ ಪ್ರವಾಸಕ್ಕೆ ಹೋಗುವವರಿಗೆ ಆ ಒಪ್ಪಿಗೆ ಬೇಕಿಲ್ಲ. ಅದೂ ಅಲ್ಲದೆ 50 ವರ್ಷ ದಾಟಿದವರು ಇಸಿಆರ್ ಇಲ್ಲದ ಗುಂಪಿಗೇ ಸೇರುತ್ತಾರೆ. ಮುಂದೆ ಪಾಸ್‌ಪೋರ್ಟ್ ಹೊಸದು ಮಾಡಿಸುವಾಗ ವಯಸ್ಸಿನ ಆಧಾರದ ಮೇಲೇ ಅದನ್ನು ತೆಗೆಸಬಹುದು. ಈಗ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಕೇಳಿದರೆ ವಾಪಸ್ ಟಿಕೆಟ್, ಕ್ರೂಸ್ ಬುಕಿಂಗ್ ತೋರಿಸಿ. ಅವರ ಕಾಗದಗಳ ಒಂದು ಪ್ರತಿ ಅವರ ಕೈಚೀಲದಲ್ಲೇ ಇರಲಿ.

ಒಂದೇ ಹೆಸರಿನ ವಿಷಯಕ್ಕೆ ಇದಕ್ಕಿಂತ ಜಾಸ್ತಿ ಗಮನ ಬೇಕು. ನಮ್ಮ ಕಡೆ ಊರು, ತಂದೆ ಹೆಸರಿನ ಇನಿಷಿಯಲ್ ಹಾಕಿಕೊಳ್ಳುವುದು ರೂಢಿ, ಸರ್‌ನೇಮ್ ಎಂಬುದೇ ಇರುವುದಿಲ್ಲ. ಆದರೆ ಹಡಗಿನ, ವಿಮಾನದ ಬುಕಿಂಗ್ ಫಾರ್ಮ್‌ಗಳು ಎರಡು ಹೆಸರು ಕೇಳುತ್ತವೆ. ಏಜೆಂಟರು ತೋಚಿದ್ದು ತುಂಬುತ್ತಾರೆ. ಒಬ್ಬರು ಅದೇ ಹೆಸರನ್ನು ಎರಡು ಸಲ ಬರೆಯುತ್ತಾರೆ, ಇನ್ನೊಬ್ಬರು ಗಂಡನ ಹೆಸರು ಸೇರಿಸುತ್ತಾರೆ. ಆಮೇಲೆ ಮ್ಯಾನಿಫೆಸ್ಟ್‌ನಲ್ಲಿ ಒಂದು ಹೆಸರು, ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು, ಅರೈವಲ್ ಕಾರ್ಡ್‌ನಲ್ಲಿ ಮೂರನೆಯದು. ಯಂತ್ರ ನಂಬುವುದು ಪಾಸ್‌ಪೋರ್ಟ್ ಫೋಟೊ ಪುಟದ ಕೆಳಗೆ ಬಾಣದ ಗುರುತುಗಳಿರುವ ಎರಡು ಸಾಲನ್ನು. ಅಲ್ಲಿ ಇರುವ ಹೆಸರೇ ಹೆಸರು. ಹಡಗು ಕಂಪನಿಗೆ, ವಿಮಾನ ಕಂಪನಿಗೆ ಇಮೇಲ್ ಮಾಡಿ, ಸರ್‌ನೇಮ್ ಇಲ್ಲದವರಿಗೆ ನಿಮ್ಮ ಪದ್ಧತಿ ಏನು ಅಂತ ಬರವಣಿಗೆಯಲ್ಲಿ ತರಿಸಿಕೊಂಡು ಆ ಉತ್ತರದ ಪ್ರಿಂಟ್ ಇಟ್ಟುಕೊಳ್ಳಿ. ಅರೈವಲ್ ಕಾರ್ಡ್ ತುಂಬುವಾಗ ಖಾಲಿ ಜಾಗಕ್ಕೆ ಇಲ್ಲದ ಹೆಸರು ಹುಟ್ಟಿಸಬೇಡಿ, ಆ ಫಾರ್ಮ್ ಏನು ಮಾಡಲು ಹೇಳುತ್ತದೋ ಅದನ್ನೇ ಮಾಡಿ.

ಪಾಸ್‌ಪೋರ್ಟ್‌ನಲ್ಲೇ ಸರ್‌ನೇಮ್ ಸೇರಿಸಿ ಹೊಸದು ಮಾಡಿಸಬಹುದಲ್ವಾ ಅಂದರೆ, ಮಾಡಿಸಬಹುದು, ಒಳ್ಳೆಯದೇ. ಯುಎಇ 2022ರ ನವೆಂಬರ್‌ನಿಂದ ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದವರಿಗೆ ಪ್ರವಾಸಿ ವೀಸಾದಲ್ಲಿ ಒಳಗೆ ಬಿಡುವುದನ್ನೇ ನಿಲ್ಲಿಸಿತು, ಆದ್ದರಿಂದ ಮುಂದೆ ಉಪಯೋಗಕ್ಕೆ ಬರುತ್ತದೆ. ಆದರೆ ಈಗ ಬೇಡ. ಸಿಂಗಾಪುರ ವೀಸಾ ಪಾಸ್‌ಪೋರ್ಟ್ ನಂಬರಿಗೆ ಕಟ್ಟಿರುತ್ತದೆ. ವೀಸಾ ಬಂದ ಮೇಲೆ ಪಾಸ್‌ಪೋರ್ಟ್ ಬದಲಿಸಿದರೆ ಆ ವೀಸಾ ಕೆಲಸಕ್ಕೆ ಬಾರದು. ಈ ಪ್ರವಾಸ ಮುಗಿಸಿ ಬಂದು ಮಾಡಿಸಿ. ಎಲ್ಲರ ಪಾಸ್‌ಪೋರ್ಟ್‌ಗೂ ಇನ್ನೂ 6 ತಿಂಗಳಾದರೂ ಅವಧಿ ಉಳಿದಿದೆಯೇ ಅಂತಲೂ ನೋಡಿ. ಮಗಳದ್ದನ್ನು ವಿಶೇಷವಾಗಿ ನೋಡಿ, ಮಕ್ಕಳ ಪಾಸ್‌ಪೋರ್ಟ್ ಅವಧಿ 5 ವರ್ಷ ಮಾತ್ರ.

ಹೊಗೆಸೊಪ್ಪು ಮನೆಯಲ್ಲೇ ಬಿಟ್ಟು ಬರಬೇಕು. ಇದರಲ್ಲಿ ರಾಜಿ ಇಲ್ಲ. ಸಿಂಗಾಪುರದಲ್ಲಿ ಜಗಿಯುವ ತಂಬಾಕು, ಗುಟ್ಕಾ, ಖೈನಿ ಎಲ್ಲವೂ ನಿಷೇಧ. ಸ್ವಲ್ಪವೇ ಇದೆ, ಸ್ವಂತಕ್ಕೆ ಅಂದರೂ ಕೇಳುವುದಿಲ್ಲ. ಎಲೆಅಡಿಕೆ ಸಂಚಿಯನ್ನು ಹೊರಡುವ ಮುನ್ನ ನೀವೇ ಒಮ್ಮೆ ಕೊಡವಿ ನೋಡಿ, ಹಳೆಯ ಸಂಚಿಯ ಮೂಲೆಯಲ್ಲಿ ಉಳಿದಿರುತ್ತದೆ. ದಿನಾ ಹಾಕುವವರಿಗೆ ಒಮ್ಮೆಲೇ ಬಿಟ್ಟರೆ ತಲೆನೋವು, ಸಿಡುಕು ಬರುತ್ತದೆ, ಆದ್ದರಿಂದ ಒಂದೆರಡು ವಾರ ಮೊದಲೇ ಕಮ್ಮಿ ಮಾಡಿಸಿ, ಬೇಕಾದರೆ ಡಾಕ್ಟರನ್ನೂ ಕೇಳಿ. ಹಾಗೆಯೇ ಗಸಗಸೆ. ಪಾಯಸಕ್ಕೆ, ಮಸಾಲೆ ಪುಡಿಗೆ ನಾವು ಹಾಕುವ ಗಸಗಸೆಯನ್ನು ಸಿಂಗಾಪುರದಲ್ಲಿ ಮಾದಕ ವಸ್ತು ಇಲಾಖೆ ನೋಡಿಕೊಳ್ಳುತ್ತದೆ. ಪೊಟ್ಟಣ ಒಯ್ಯಬೇಡಿ. ಇ-ಸಿಗರೇಟು ಸಿಂಗಾಪುರ, ಥಾಯ್ಲೆಂಡ್ ಎರಡರಲ್ಲೂ ನಿಷೇಧ, ಚ್ಯೂಯಿಂಗ್ ಗಮ್ ಕೂಡ ಸಿಂಗಾಪುರಕ್ಕೆ ತರುವಂತಿಲ್ಲ. ಹಡಗಿನ ಬಫೆಯಿಂದ ಹಣ್ಣು ಕಟ್ಟಿಕೊಂಡು ದಡಕ್ಕೆ ಇಳಿಯಬೇಡಿ. ಅಮ್ಮನ ಬಿಪಿ, ಸಕ್ಕರೆ ಮಾತ್ರೆಗಳು ಅಂಗಡಿಯಿಂದ ತಂದ ಸ್ಟ್ರಿಪ್‌ನಲ್ಲೇ ಇರಲಿ, ಡಬ್ಬಿಗೆ ಬಿಡಿಸಿ ಹಾಕಬೇಡಿ, ಜೊತೆಗೆ ಡಾಕ್ಟರ ಚೀಟಿ ಇರಲಿ. ನಿದ್ದೆ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್ ಇದ್ದರೆ ಮೊದಲೇ ಒಪ್ಪಿಗೆ ಬೇಕಾಗಬಹುದು, ಸಿಂಗಾಪುರದ ಆರೋಗ್ಯ ವಿಜ್ಞಾನ ಪ್ರಾಧಿಕಾರದ ಪುಟ ನೋಡಿ.

ಕೊನೆಯ ರಾತ್ರಿ ದೊಡ್ಡ ಪೆಟ್ಟಿಗೆಗಳಿಗೆ ಚೀಟಿ ಕಟ್ಟಿ ರೂಮಿನ ಹೊರಗಿಡಲು ಹೇಳುತ್ತಾರೆ. ಅವು ಮರುದಿನ ಕಟ್ಟೆಯ ಹಾಲ್‌ನಲ್ಲಿ, ಇಮಿಗ್ರೇಶನ್ ದಾಟಿದ ಮೇಲೆ ಸಿಗುತ್ತವೆ. ಪಾಸ್‌ಪೋರ್ಟ್, ವೀಸಾ ಪ್ರಿಂಟ್, ಬೆಳಿಗ್ಗೆಯ ಮಾತ್ರೆ ಅದರೊಳಗೆ ಹೋಗಬಾರದು. ಸಿಂಗಾಪುರದಲ್ಲಿ ಈಗ ಪಾಸ್‌ಪೋರ್ಟ್‌ಗೆ ಮುದ್ರೆ ಒತ್ತುವುದಿಲ್ಲ. ಎಷ್ಟು ದಿನ ಇರಬಹುದು ಎಂಬ ಇ-ಪಾಸ್ ಅರೈವಲ್ ಕಾರ್ಡ್‌ನಲ್ಲಿ ಕೊಟ್ಟ ಇಮೇಲ್‌ಗೆ ಬರುತ್ತದೆ. ಚಾಂಗಿಯಲ್ಲಿ ಇಳಿದಾಗ ಒಂದು, ಹಡಗಿನಿಂದ ಇಳಿದಾಗ ಇನ್ನೊಂದು ಬರಬೇಕು. ಅಮ್ಮನ ಕಾರ್ಡ್‌ಗೂ ನೀವು ದಿನಾ ನೋಡುವ ಇಮೇಲ್ ವಿಳಾಸವನ್ನೇ ಕೊಡಿ.

ವಾಪಸ್ ವಿಮಾನ ಅದೇ ದಿನ ಇದ್ದರೆ ಮಧ್ಯಾಹ್ನ 3ಕ್ಕಿಂತ ಮೊದಲಿನದ್ದು ಬೇಡ. ಸಾವಿರಾರು ಜನ ಗುಂಪು ಗುಂಪಾಗಿ ಇಳಿಯುತ್ತಾರೆ, ಆಮೇಲೆ ಇಮಿಗ್ರೇಶನ್, ಲಗೇಜ್, ಟ್ಯಾಕ್ಸಿ ಸಾಲು. ಅಮ್ಮನಿಗೆ ಗಾಲಿಕುರ್ಚಿ ಬೇಕಾದರೆ ಹಡಗಿನಲ್ಲಿ ಕೊನೆಯ ದಿನ ಕೇಳುವುದಲ್ಲ, ಈಗ ಬುಕಿಂಗ್‌ನಲ್ಲೇ ಬರೆಸಿಡಿ.